ಮಚಲೀಪಟ್ನಂ ಬಿಟ್ಟ ಗಾಳಿ

“ಅಶೋಕ್ ಗಾರೂ, ನಿಮ್ಮ ಗಾಳಿ ಬೆಂಜ್ ಸರ್ಕಲ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿರಬೇಕು. ಒಂದು ಫೋನ್ ಮಾಡಿ ನೋಡಿ, ಬೇಕಾದ್ರೆ ಆಟೋ ಕಳಿಸೋಣ.”

ಸ್ಪರ್ಧೆ ನಡೆಸಲು ಬಂದಿದ್ದ ಜಗದೀಶ್ ಇದನ್ನು ತೆಲುಗಿನಲ್ಲಿ, ಒಂದಿಷ್ಟೂ ನಗದೆ ಹೇಳಿದರು. ಸುತ್ತ ನಿಂತಿದ್ದವರು ಮಾತ್ರ ಹೊಟ್ಟೆ ತುಂಬ ನಕ್ಕರು. ಅಶೋಕನೂ ನಗಲು ನೋಡಿದ. ನಗು ಅರ್ಧ ತುಟಿಗೆ ಬಂದು ನಿಂತುಬಿಟ್ಟಿತು. ಗಂಟೆ ಒಂದಾಗಿತ್ತು. ವಿಜಯವಾಡದ ಪುನ್ನಮಿ ಘಾಟಿನ ಮೆಟ್ಟಿಲ ಕೆಳಗೆ ಕೃಷ್ಣಾ ನದಿ ಎಣ್ಣೆ ಸವರಿಟ್ಟ ಕಾವಲಿಯ ಹಾಗೆ ಮಿನುಗುತ್ತಿತ್ತು. ಒಂದು ಅಲೆಯಿಲ್ಲ, ಒಂದು ಎಲೆ ಅಲುಗಾಟವಿಲ್ಲ. ಬೆಳಿಗ್ಗೆ ಹತ್ತಕ್ಕೇ ಕಟ್ಟಿದ್ದ ಬಾವುಟ ಕಂಬಕ್ಕೆ ಒದ್ದೆ ಟವೆಲ್ಲಿನಂತೆ ಅಂಟಿಕೊಂಡಿತ್ತು.

ಆಂಧ್ರದ ಜೂನಿಯರ್ ತಂಡಕ್ಕೆ ವಿಂಡ್‌ಸರ್ಫಿಂಗ್‌ನಲ್ಲಿ ಒಬ್ಬಳೇ ಹುಡುಗಿಯ ಆಯ್ಕೆ ಆಗಬೇಕು. ಕಣದಲ್ಲಿದ್ದವರು ಇಬ್ಬರು: ಅಶೋಕನ ಮಗಳು ಜಾಹ್ನವಿ, ಇನ್ನೊಬ್ಬಳು ಭೀಮಿಲಿಯ ಸಾಯಿಪ್ರಿಯಾ. ಒಂದು ಹಲಗೆ, ಹಲಗೆಗೆ ಒಂದು ಪಟ, ಪಟ ಹಿಡಿದು ನಿಂತ ಒಬ್ಬ ಮನುಷ್ಯ, ಆ ಆಟ ಅಷ್ಟೇ. ಇಂಜಿನ್ನಿಲ್ಲ, ಹುಟ್ಟಿಲ್ಲ. ಗಾಳಿ ಬಾರದಿದ್ದರೆ ಅದು ನೀರಿನ ಮೇಲೆ ಬಿದ್ದ ಬಾಗಿಲು. ಆರು ನಾಟ್‌ಗಿಂತ ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರಿಗಿಂತ ಕಡಿಮೆ ಗಾಳಿಗೆ ಸ್ಪರ್ಧೆ ಶುರು ಮಾಡುವಂತಿಲ್ಲ. ಸಂಜೆ ಐದೂವರೆ ದಾಟಿದ ಮೇಲೂ ಮಾಡುವಂತಿಲ್ಲ. ಇವತ್ತು ನಡೆಯದೇ ಹೋದರೆ ಹೋದ ವರ್ಷದ ಪಟ್ಟಿ ಹಿಡಿದು ಸಾಯಿಪ್ರಿಯಾಳನ್ನೇ ಕಳಿಸುತ್ತಾರೆ. ಹೋದ ವರ್ಷ ಟೈಫಾಯಿಡ್ ಬಂದು ಮಲಗಿದ್ದ ಜಾಹ್ನವಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಮುಂದಿನ ವರ್ಷ ಹದಿನೆಂಟು ತುಂಬಿ ಅವಳು ಜೂನಿಯರ್ರೇ ಅಲ್ಲ.

ಇಷ್ಟೆಲ್ಲ ಗೊತ್ತಿದ್ದೂ, ಸಂಜೆ ನಾಲ್ಕಕ್ಕೆ ಇಟ್ಟಿದ್ದ ಸ್ಪರ್ಧೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ತರಿಸಿದವನು ಅಶೋಕ.

ಅವನು ಹಾಸನದ ಕಡೆಯವನು, ಬ್ಯಾಂಕ್ ಅಧಿಕಾರಿ, ಈಜು ಬಾರದವನು. ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ವರ್ಗವಾಗಿ ಹೋದಾಗ ಸಿಕ್ಕ ಬಾಡಿಗೆ ಮನೆಯ ಕೆಳಗಡೆ ತಿಮ್ಮಯ್ಯನವರಿದ್ದರು. ವಿರಾಜಪೇಟೆಯವರು, ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್ ಆಗಿ ನಿವೃತ್ತರಾದವರು, ಒಂದು ಕಾಲದಲ್ಲಿ ಪಟದ ಹಲಗೆಯ ಮೇಲೆ ನಿಂತು ಮೆಡಲು ಗೆದ್ದವರು. ಹನ್ನೆರಡು ವರ್ಷದ ಜಾಹ್ನವಿಯನ್ನು ಋಷಿಕೊಂಡದ ಕಡಲಿಗೆ ಇಳಿಸಿದವರು ಅವರೇ. ಅಶೋಕನ ಕೆಲಸ ಟವೆಲ್ ಹಿಡಿದು ಮರಳಿನ ಮೇಲೆ ಕೂರುವುದು.

ಭಾನುವಾರ ಗಾಜುವಾಕದಿಂದ ಒಂದು ಗಂಟೆ ಸ್ಕೂಟರು ಓಡಿಸಿಕೊಂಡು ಹೋದರೆ ಅಲ್ಲಿ ಗಾಳಿಯೇ ಇರುತ್ತಿರಲಿಲ್ಲ. ನಾಲ್ಕು ಸಲ ಹೀಗಾದ ಮೇಲೆ ಅಶೋಕ ಒಂದು ನೋಟ್‌ಬುಕ್ ತೆಗೆದ. ಬಂದರಿನಲ್ಲಿ ಕೆಲಸ ಮಾಡುವ ಬ್ಯಾಂಕಿನ ಗ್ರಾಹಕರೊಬ್ಬರು ಬೆಳಿಗ್ಗೆ ಫೋನಿನಲ್ಲಿ ಅಲ್ಲಿನ ಗಾಳಿ ಹೇಳುತ್ತಿದ್ದರು. ಅದರ ಎದುರಿಗೆ ಆ ದಿನ ಋಷಿಕೊಂಡದಲ್ಲಿ ಏನಾಯಿತು ಎಂದು ಅಶೋಕ ಬರೆಯುತ್ತಿದ್ದ. ಎರಡು ವರ್ಷ ಬರೆದ. ಕೊನೆಗೆ ಬಂದರಿನ ಅಂಕಿ ಕೇಳಿದರೆ ಸಾಕು, ಋಷಿಕೊಂಡದಲ್ಲಿ ಪಟ ಯಾವಾಗ ಉಬ್ಬುತ್ತದೆಂದು ಮನೆಯಲ್ಲೇ ಕಾಫಿ ಕುಡಿಯುತ್ತ ಹೇಳುವಷ್ಟಾದ.

“ನೀವು ನೇವೀಲಿರಬೇಕಿತ್ತು ಅಶೋಕ್,” ಎಂದಿದ್ದರು ತಿಮ್ಮಯ್ಯ.

“ನಂಗೆ ಈಜು ಬರಲ್ಲ ಚೀಫ್.”

“ಅದಕ್ಕೇ ಅಲ್ವಾ ಹಡಗು ಕೊಡೋದು!”

ಎರಡು ತಿಂಗಳ ಹಿಂದೆ ವಿಜಯವಾಡಕ್ಕೆ ವರ್ಗವಾಯಿತು. ಇಲ್ಲಿ ಬಂದರಿಲ್ಲ, ಆ ಗ್ರಾಹಕರೂ ಇಲ್ಲ. ಆದರೆ ಗನ್ನವರಂನ ವಿಮಾನ ನಿಲ್ದಾಣ ಅರ್ಧ ಗಂಟೆಗೊಮ್ಮೆ ಗಾಳಿಯ ದಿಕ್ಕು, ವೇಗ ಪ್ರಕಟಿಸುತ್ತದೆ. ಫೋನಿನಲ್ಲಿ ಹಿಂದಿನ ದಿನದ್ದೂ ಸಿಗುತ್ತದೆ. ಅಶೋಕ ದಿನಾ ಬೆಳಿಗ್ಗೆ ತಿಂಡಿ ತಿನ್ನುತ್ತ ಹಿಂದಿನ ದಿನದ್ದನ್ನು ನೋಟ್‌ಬುಕ್ಕಿಗೆ ಇಳಿಸಿದ. ನಲವತ್ತು ದಿನ! ಎಂಥ ಶಿಸ್ತಿನ ಗಾಳಿ ಅಂತೀರಿ: ಹತ್ತರವರೆಗೆ ಎಲ್ಲೆಲ್ಲಿಂದಲೋ ಎಳೆದಾಡುವುದು, ಹತ್ತೂವರೆಗೆ ಸರಿಯಾಗಿ ಆಗ್ನೇಯದಿಂದ ಎದ್ದು ಹತ್ತು ನಾಟ್ ಏರುವುದು, ನಾಲ್ಕರೊಳಗೆ ಅಡಗಿಹೋಗುವುದು. ಅಲ್ಲಿಂದ ನದಿಗೆ ಬರಲು ಒಂದು ಗಂಟೆ ಹಿಡಿದರೂ ಹನ್ನೊಂದೂವರೆ.

“ಬೋಟಿನವರು ಗಾಳಿ ಸಂಜೆಗೆ ಬರುತ್ತೆ ಅಂತಾರಲ್ಲ,” ಎಂದಿದ್ದರು ಸ್ಪರ್ಧೆಯ ಮುಖ್ಯಸ್ಥ ಜಗದೀಶ್.

“ಅವರು ಅಂದಾಜಿಗೆ ಹೇಳ್ತಾರೆ ಸರ್. ಇದು ಏರ್‌ಪೋರ್ಟಿನ ಅಂಕಿ,” ಎಂದಿದ್ದ ಅಶೋಕ. ಪೆನ್ಸಿಲ್ಲಿನಲ್ಲಿ ಗೆರೆ ಹೊಡೆದು ತುಂಬಿಸಿದ ಆ ಪುಟಗಳನ್ನು ಕಂಡು ಜಗದೀಶ್ ಸೋತುಬಿಟ್ಟಿದ್ದರು.

ಒಂದು ದಿನ ಮಧ್ಯಾಹ್ನ ಘಾಟಿಗೆ ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಬ್ಯಾಂಕಿನ ಏಸಿಯೊಳಗೆ ಕೂತವನಿಗೆ ಹೊರಗಿನ ಹವೆ ಸಿಗುವುದು ಸಂಜೆ ಏಳಕ್ಕೆ. ಆಗ ಮುಖಕ್ಕೆ ತಣ್ಣಗೆ ಬಡಿಯುತ್ತಿದ್ದುದನ್ನು ಅವನು ಗಾಳಿ ಎಂದು ಎಣಿಸಿರಲೇ ಇಲ್ಲ. ಸಂಜೆ ತಂಪಾಗುವುದು ಯಾವ ಊರಿನಲ್ಲಿಲ್ಲ?

ಜಾಹ್ನವಿ ಮೆಟ್ಟಿಲ ಮೇಲೆ ಪಟವನ್ನೇ ನೆರಳು ಮಾಡಿಕೊಂಡು ಮಲಗಿದ್ದಳು. ಅಶೋಕ ಪಕ್ಕ ಕೂತು ಮೊಸರನ್ನದ ಡಬ್ಬಿ ಮುಂದೆ ಹಿಡಿದ.

“ತಿನ್ನು ಪುಟ್ಟಿ.”

“ಒದ್ದು.” ಅವಳಿಗೆ ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗು ಮೊದಲು ಬರುವುದು; ಅಪ್ಪ ಮಾತ್ರ ಯಾವಾಗಲೂ ತೆಲುಗಿನ ‘ನಾನ್ನಾ’. “ಬೇಡ ನಾನ್ನಾ. ಮೂರು ಗಂಟೆಗೆ ಕ್ಯಾನ್ಸಲ್ ಅಂತೆ. ಏಳಕ್ಕೆ ಜಗದೀಶ್ ಸಾರ್‌ಗೆ ವೈಜಾಗ್ ಟ್ರೈನಂತೆ.”

“ಇನ್ನೂ ಟೈಮಿದೆ...”

“ನಾಲ್ಕಕ್ಕೇ ಇಟ್ಟಿದ್ರಲ್ಲ, ನೀವ್ಯಾಕೆ ಹೋಗಿ ಹೇಳಿದ್ರಿ? ನಾನು ಕೇಳಿದ್ನಾ?”

ಅಶೋಕ ಡಬ್ಬಿಯ ಮುಚ್ಚಳ ಹಾಕಿದ. ಕೇಳಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ತಲೆಯ ಮೇಲಿಂದ ಒಂದು ದೊಡ್ಡ ದನಿ ಇಳಿಯಿತು. “ಏನ್ರೀ ಅಶೋಕ್, ನೀರಿಗೆ ಇಸ್ತ್ರಿ ಮಾಡಿಸಿ ಇಟ್ಟಿದ್ದೀರಿ!”

ತಿಮ್ಮಯ್ಯ ಬೆಳಗಿನ ರೈಲಿಗೆ ವಿಶಾಖಪಟ್ಟಣದಿಂದ ಹೊರಟು ಶಿಷ್ಯೆಯ ಸ್ಪರ್ಧೆ ನೋಡಲು ಬಂದಿದ್ದರು. ಮಂಡಿನೋವಿಗೆ ಒಂದೊಂದೇ ಮೆಟ್ಟಿಲು ಅಡ್ಡಡ್ಡ ಇಳಿದು ಬಂದರು, ಕೂತರು, ಜಾಹ್ನವಿಯ ತಲೆ ನೇವರಿಸಿದರು. ಅಶೋಕನ ಮುಖ ನೋಡಿದ ಮೇಲೆ ಕೈ ಚಾಚಿದರು. “ಎಲ್ಲಿ, ಪುಸ್ತಕ ಕೊಡಿ.”

ಕನ್ನಡಕ ಹಾಕಿಕೊಂಡು ಒಂದು ಪುಟ ನೋಡಿದರು. ಇನ್ನೊಂದು. ಆಮೇಲೆ ನಾಲ್ಕು ಪುಟ ಒಟ್ಟಿಗೆ ಮಗುಚಿದರು.

“ಈ ಟೈಮು ಯಾರದ್ದು?”

“ಏರ್‌ಪೋರ್ಟಿಂದು ಚೀಫ್.”

“ಏರ್‌ಪೋರ್ಟಿಂದು ಸರಿ. ಯಾವ ಊರಿನ ಗಡಿಯಾರ?”

“ಗನ್ನವರಂದು... ಅಲ್ಲಿಂದೇ ಅಲ್ವಾ?”

“ಅಂಕಿ ಕೊನೇಲಿ ಒಂದು ಝೆಡ್ ಇತ್ತಾ?”

“ಇತ್ತು,” ಎಂದ ಅಶೋಕ. “ಎಲ್ಲಾ ಸಾಲಿಗೂ ಇತ್ತು. ಅದಕ್ಕೇ ಬರ್ಕೊಳ್ಳಲಿಲ್ಲ.”

ತಿಮ್ಮಯ್ಯ ಕನ್ನಡಕ ತೆಗೆದು ಅವನನ್ನೇ ನೋಡಿದರು. ಬೈಯಲಿಲ್ಲ. ನಗು ಬಂದದ್ದನ್ನು ನುಂಗಿಕೊಂಡದ್ದು ಮಾತ್ರ ಗಂಟಲಲ್ಲಿ ಕಂಡಿತು.

“ಮಾರಾಯ್ರೇ, ವಿಮಾನ, ಹಡಗು ಎರಡಕ್ಕೂ ಲೋಕಕ್ಕೆಲ್ಲ ಒಂದೇ ಗಡಿಯಾರ. ಲಂಡನ್ನಿನ ಹತ್ರ ಗ್ರೀನಿಚ್ ಅಂತ ಇದೆಯಲ್ಲ, ಅಲ್ಲೀದು. ಝೆಡ್ ಅಂದ್ರೆ ಅದು. ನಮ್ಮ ಟೈಮಿಗೆ ಬರಬೇಕಾದ್ರೆ ಐದೂವರೆ ಗಂಟೆ ಸೇರಿಸ್ಬೇಕು.”

ಅಶೋಕ ಬೆರಳು ಮಡಚಿ ಎಣಿಸಿದ. ಹತ್ತೂವರೆಗೆ ಐದೂವರೆ ಸೇರಿಸಿದರೆ ನಾಲ್ಕು. ನಾಲ್ಕಕ್ಕೆ ಒಂದು ಸೇರಿಸಿದರೆ ಐದು. ಬೋಟಿನವರು ಹೇಳಿದ್ದೂ ಇದೇ. ಏಳಕ್ಕೆ ಬ್ಯಾಂಕಿನ ಬಾಗಿಲಲ್ಲಿ ಅವನ ಮುಖಕ್ಕೆ ಬಡಿಯುತ್ತಿದ್ದುದೂ ಇದೇ. ನಲವತ್ತು ದಿನ ಅವನು ಬರೆದ ಅಂಕಿಯಲ್ಲಿ ಒಂದೂ ಸುಳ್ಳಿರಲಿಲ್ಲ. ಅಷ್ಟನ್ನೂ ಬೇರೆ ದೇಶದ ಬೆಳಗಿನಲ್ಲಿ ಇಟ್ಟುಕೊಂಡು ಕೂತಿದ್ದ, ಅಷ್ಟೇ.

ಜಗದೀಶರ ಮೇಜಿನ ತನಕ ಇಪ್ಪತ್ತು ಹೆಜ್ಜೆ. ಅಷ್ಟು ದೂರವನ್ನು ಅಶೋಕ ಯಾವತ್ತೂ ಅಷ್ಟು ಹೊತ್ತು ನಡೆದಿರಲಿಲ್ಲ. ಎಲ್ಲರೆದುರೇ ಹೇಳಿದ: “ಸರ್, ತಪ್ಪು ನನ್ನದು. ಗಡಿಯಾರ ತಪ್ಪು ಓದಿದ್ದೆ. ಹುಡುಗಿಯರಿಗೆ ಶಿಕ್ಷೆ ಬೇಡ. ಗಾಳಿ ಐದಕ್ಕೆ ಬರುತ್ತೆ, ದಯವಿಟ್ಟು ಕಾಯಿರಿ.”

“ಅದೇ ಪುಸ್ತಕವಾ?” ಎಂದರು ಜಗದೀಶ್.

“ಅದೇ.”

“ಬೆಳಿಗ್ಗೆಯಿಂದ ಬಿಸಿಲಲ್ಲಿ ಹುರಿದು ಪಲ್ಯವಾಗಿದ್ದೀವಿ ಸಾಮಿ. ಇನ್ನು ನಾಲ್ಕು ಗಂಟೆ?”

ಆಚೆ ಹಲಗೆಯ ಮೇಲೆ ಕೂತಿದ್ದ ಸಾಯಿಪ್ರಿಯಾ ಬಾಯಿ ಹಾಕಿದಳು. “ಕಾಯೋಣ ಸಾರ್. ರೇಸೇ ಇಲ್ಲದೆ ಗೆದ್ದೆ ಅಂದ್ರೆ ಕಾಲೇಜಲ್ಲಿ ನನ್ನ ಆಡ್ಕೊಂಡು ಸಾಯಿಸ್ತಾರೆ.”

ಜಗದೀಶ್ ಅವಳನ್ನು ನೋಡಿದರು, ಅಶೋಕನನ್ನು ನೋಡಿದರು. “ಸರಿ. ಗಾಳಿ ಬರುತ್ತೆ ಅಂದ್ರಲ್ಲ. ಈಗ ಅದು ಎಲ್ಲಿದೆ ತೋರಿಸಿ. ತೋರಿಸಿದರೆ ಕೂರ್ತೀನಿ. ಇಲ್ಲಾಂದ್ರೆ ಮೂರಕ್ಕೆ ಡೇರೆ ಬಿಚ್ಚೋದೇ.”

ಗಾಳಿಯನ್ನು ಎಲ್ಲಿಂದ ತೋರಿಸುವುದು? ಅಶೋಕ ಮನಸ್ಸಿನಲ್ಲೇ ನಕ್ಷೆ ಬಿಡಿಸಿಕೊಂಡ. ಆಗ್ನೇಯಕ್ಕೆ, ಎಪ್ಪತ್ತು ಕಿಲೋಮೀಟರಾಚೆ ಕಡಲು. ಕಡಲಂಚಿಗೆ ಮಚಲೀಪಟ್ನಂ. ನಡುವೆ ಗುಡಿವಾಡ. ಆಮೇಲೆ ಗನ್ನವರಂ. ಮೂರೂ ಕಡೆ ಅವನ ಬ್ಯಾಂಕಿನ ಶಾಖೆಗಳಿದ್ದವು. ಇವತ್ತು ಬ್ಯಾಂಕಿಗೆ ಕೆಲಸದ ಶನಿವಾರ. ಒಂದು ಶಾಖೆಯಿಂದ ಇನ್ನೊಂದಕ್ಕೆ ಫೋನ್ ಮಾಡಲು ಬ್ಯಾಂಕಿನವರಿಗೆ ಮುಖಪರಿಚಯ ಬೇಡ, ಮುಜುಗರವೂ ಇಲ್ಲ.

ಮೊದಲು ಮಚಲೀಪಟ್ನಂ. ಸ್ಪೀಕರ್ ಹಾಕಿ ಫೋನನ್ನು ಜಗದೀಶರ ಮೇಜಿನ ಮೇಲಿಟ್ಟ. ಎತ್ತಿದವರು ಮಾಧವೀಲತಾ ಎಂಬ ಕ್ಲರ್ಕು.

“ನಮಸ್ತೆ ಸಾರ್. ಸರ್ವರ್ ಡೌನಾ?”

“ಇಲ್ಲಮ್ಮಾ. ಹೊರಗೆ ಗಾಳಿ ಇದೆಯಾ?”

ಆ ಕಡೆ ಕುರ್ಚಿ ಸರಿದ ಸದ್ದು.

“ಸಾರ್, ಇದು ಹೆಡ್ಡಾಫೀಸಿನ ಹೊಸ ರಿಪೋರ್ಟಾ?”

ಘಾಟಿನಲ್ಲಿ ನಗೆ ಎದ್ದಿತು. ಜಗದೀಶ್ ಕೈ ಎತ್ತಿ ಸುಮ್ಮನಾಗಿಸಿದರು.

“ನನ್ನ ಮಗಳಿಗೋಸ್ಕರಮ್ಮಾ. ಒಂದ್ಸಲ ನೋಡಿ.”

“ನೋಡೋದೇನು ಸಾರ್, ಹನ್ನೆರಡು ಗಂಟೆಯಿಂದ ಬೀಸ್ತಾನೇ ಇದೆ. ಸಮುದ್ರದ ಕಡೆಯಿಂದ. ಬಾಗಿಲು ತೆಗೆದವರೆಲ್ಲ ನನ್ನ ಕೌಂಟರಿನ ಚಲನ್ ಹಾರಿಸಿ ಹೋಗ್ತಾರೆ. ಬೇಸಿಗೇಲಿ ದಿನಾ ಇದೇ ಗೋಳು.”

“ದಿನಾನಾ?”

“ದಿನಾ. ಇಲ್ಲಿ ಮಕ್ಕಳಿಗೂ ಗೊತ್ತು ಸಾರ್.”

ಜಗದೀಶ್ ಕುರ್ಚಿಯನ್ನು ಮೇಜಿಗೆ ಒಂದು ಗೇಣು ಹತ್ತಿರ ಎಳೆದುಕೊಂಡರು.

ಗುಡಿವಾಡದ ಮ್ಯಾನೇಜರ್ ಅನಿರುದ್ಧ್ ಒಗರು ಮನುಷ್ಯ. “ಗಾಳಿಯೂ ಇಲ್ಲ, ಏನೂ ಇಲ್ಲ. ರೋಡು ಹಂಚಿನ ಹಾಗೆ ಕಾದಿದೆ. ಬೇರೆ ಕೆಲಸ ಇಲ್ವೇನ್ರೀ?” ಎಂದು ಇಟ್ಟೇಬಿಟ್ಟ. ಆಗ ಎರಡಕ್ಕೆ ಐದು ನಿಮಿಷ. ತಿಮ್ಮಯ್ಯ ಜಾಹ್ನವಿಗೆ ಮೊಸರನ್ನ ತಿನ್ನಿಸುತ್ತಿದ್ದರು. ಅವಳು ತಿನ್ನುತ್ತ ಫೋನನ್ನೇ ನೋಡುತ್ತಿದ್ದಳು.

ಎರಡೂ ಇಪ್ಪತ್ತಕ್ಕೆ ಅದು ತಾನಾಗಿ ಹೊಡೆದುಕೊಂಡಿತು.

“ರೀ ಅಶೋಕ್!” ಅನಿರುದ್ಧನ ದನಿಯೇ ಬೇರೆಯಾಗಿತ್ತು. “ಬಂತು ಕಣ್ರೀ! ಎದುರಿಗೆ ಮದುವೆ ಶಾಮಿಯಾನ ಹಾಕಿದ್ರು, ಈಗ ಅದು ಎದ್ದು ನಿಂತಿದೆ. ಅಡಿಗೆಯವರೆಲ್ಲ ಹಗ್ಗ ಹಿಡ್ಕೊಂಡು ನೇತಾಡ್ತಿದ್ದಾರೆ. ಬಾಗಿಲಲ್ಲಿ ನಿಂತಿದ್ದೆ, ನೋಡ್ತಾ ಇದ್ದ ಹಾಗೇ... ಅಲ್ಲ, ನಿಮಗೆ ಹೆಂಗೆ ಗೊತ್ತಾಯ್ತು?”

ಅಶೋಕ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟ. ನಲವತ್ತು ದಿನ ಅದು ಅವನಿಗೆ ಪೆನ್ಸಿಲ್ಲಿನ ಅಂಕಿಯಾಗಿತ್ತು. ಈಗ ಅದಕ್ಕೆ ಕಾಲು ಬಂದಿತ್ತು. ಗದ್ದೆ ಬಯಲ ಮೇಲೆ, ಮೀನಿನ ಕೆರೆಗಳ ಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ ಒಂದು ಅಗಾಧವಾದದ್ದು ನಡೆದು ಬರುತ್ತಿತ್ತು. ಗುಡಿವಾಡದಲ್ಲಿ ಶಾಮಿಯಾನ ಎತ್ತಿದ್ದು ಅದೇ, ಇಲ್ಲಿಗೆ ಬರಬೇಕಾದ್ದೂ ಅದೇ.

ಮೂರು ಗಂಟೆ ಆಯಿತು. ಡೇರೆ ಬಿಚ್ಚುವ ಮಾತೇ ಏಳಲಿಲ್ಲ. ಬೋಟಿನವರು, ಕಬ್ಬಿನಹಾಲಿನವನು, ಸಾಯಿಪ್ರಿಯಾಳ ತಾಯಿ, ಎಲ್ಲರೂ ಮೇಜಿನ ಸುತ್ತ ನೆರೆದಿದ್ದರು. ಮೂರೂ ಮುಕ್ಕಾಲಿಗೆ ಗನ್ನವರಂ ಶಾಖೆಯ ಹೇಮಾಕ್ಷಿ ಸಿಕ್ಕಳು. ದಾವಣಗೆರೆಯ ಹುಡುಗಿ, ಪ್ರೊಬೇಷನರಿ ಅಧಿಕಾರಿ. ಕೆಲಸ ಬಿಟ್ಟು ಬ್ಯಾಂಕಿನ ತಾರಸಿ ಹತ್ತಿದಳು.

“ಏನಿಲ್ಲ ಸರ್. ಹೊಗೆ ಹೋಗೋಕೂ ಗಾಳಿ ಇಲ್ಲ. ಬಿಸಿಲಿಗೆ ತಲೆ ಸುತ್ತಾಕತ್ತೇತಿ.”

“ಇನ್ನೈದು ನಿಮಿಷ ನಿಲ್ಲಮ್ಮ.”

“ನಿಲ್ತೀನಿ. ನಾಲ್ಕಕ್ಕೆ ಆರು ನಿಮಿಷ ಐತಿ... ಸರ್, ಆ ಕಡೆ ತೆಂಗಿನಮರ ಅಲುಗಾಡಾಕತ್ತಾವ. ಬರೀ ಆ ಕಡೇವು. ಇಲ್ಲಿ ಏನಿಲ್ಲ. ಈಗ ಶಾಲೆ ಹತ್ರದ ಮರ. ಸರ್, ಒಂದೊಂದೇ ಮರ ಸರ್...”

ಫೋನಿನಲ್ಲಿ ಬರ್ರೋ ಎಂದು ಸದ್ದು ತುಂಬಿತು. ಅದರೊಳಗಿಂದ ಹೇಮಾಕ್ಷಿ ಕೂಗುತ್ತಿದ್ದಳು: “ಬಂತು! ನನ್ನ ಮೇಲೇ ಬಂತು ಸರ್! ತಣ್ಣಗೈತಿ!”

ಮೇಜಿನ ಸುತ್ತ ಇದ್ದವರೆಲ್ಲ ಉಸಿರು ಬಿಟ್ಟರು. ತಿಮ್ಮಯ್ಯ ತಮ್ಮ ಫೋನಿನಲ್ಲಿ ವಿಮಾನ ನಿಲ್ದಾಣದ ಪುಟ ತೆರೆದು, ನಾಲ್ಕು ಗಂಟೆ ದಾಟಿದ ಮೇಲೆ ಜಗದೀಶರಿಗೆ ತೋರಿಸಿದರು. ಹತ್ತೂವರೆ, ಝೆಡ್. ಆಗ್ನೇಯ, ಹತ್ತು ನಾಟ್. ಪಕ್ಕದಲ್ಲಿ ನೋಟ್‌ಬುಕ್ಕಿನ ನಲವತ್ತು ಸಾಲು. ಜಗದೀಶ್ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಇಳಿದರು, ದೇವರ ಸ್ತೋತ್ರ ಓದುವವರಂತೆ ತುಟಿ ಅಲ್ಲಾಡಿಸುತ್ತ.

“ಜಾಹ್ನವೀ, ಬಾ ಇಲ್ಲಿ,” ಎಂದರು ತಿಮ್ಮಯ್ಯ. “ಗಾಳಿ ಆಚೆ ದಡದ ಮೇಲಿಂದ ಬರೋದು. ಈಚೆ ಕಡೆ ಗುಡ್ಡ ಇದೆ, ಇಲ್ಲಿ ತಡವರಿಸುತ್ತೆ. ಹಾರ್ನ್ ಆದ ಕೂಡ್ಲೆ ಯಾರನ್ನೂ ನೋಡ್ಬೇಡ, ನದಿ ದಾಟಿ ಆಚೆಗೆ ಹೋಗು. ಮೊದಲು ಹಿಂದೆ ಬಿದ್ದೆ ಅನ್ಸುತ್ತೆ. ಅನ್ಸಲಿ.”

ಅವಳು ಅಪ್ಪನ ಕಡೆ ತಿರುಗಿದಳು. “ಈ ಸಲ ನಿಜಾನಾ ನಾನ್ನಾ?”

“ಗಾಳಿ ಯಾವತ್ತೂ ನಿಜಾನೇ ಪುಟ್ಟಿ. ಓದಿದವನು ತಪ್ಪು ಓದಿದ್ದ.”

ಅವಳು ಹಲಗೆ ಎತ್ತಿಕೊಂಡು ನೀರಿಗಿಳಿದಳು.

ನಾಲ್ಕೂವರೆ. ನಾಲ್ಕೂ ಮುಕ್ಕಾಲು. ನೀರಿನ ಮೇಲೆ ಎರಡು ಪಟಗಳು ಜೋತುಬಿದ್ದಿದ್ದವು. ಐದು ಗಂಟೆ ಬಡಿಯಿತು. ಐದಾಗಿ ಒಂದು ನಿಮಿಷ, ಎರಡು. ಅಶೋಕನಿಗೆ ತನ್ನ ಕೈಗಡಿಯಾರದ ಮುಳ್ಳಿನ ಸದ್ದೂ ಕೇಳಿಸುವಂತಾಯಿತು.

ಮೊದಲು ಕಂಡದ್ದು ದೂರದಲ್ಲಿ ನದಿಗೆ ಅಡ್ಡಲಾಗಿರುವ ಬ್ಯಾರೇಜಿನ ಮೇಲೆ. ಅಲ್ಲಿ ಸಾಲಾಗಿ ಕಟ್ಟಿದ್ದ ಬಾವುಟಗಳಲ್ಲಿ ಆಚೆ ತುದಿಯದ್ದು ತಲೆ ಎತ್ತಿತು. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಆಚೆ ದಡದ ಅಂಚಿನಲ್ಲಿ ನೀರಿನ ಮೇಲೊಂದು ಕಪ್ಪು ಗೆರೆ ಹುಟ್ಟಿತು. ಗೆರೆ ಅಗಲವಾಯಿತು. ಹೊಳೆಯುತ್ತಿದ್ದ ಇಡೀ ನದಿಯನ್ನು ಯಾರೋ ಆಚೆಯಿಂದ ಕಂಬಳಿ ಹೊದಿಸುತ್ತ ಬಂದ ಹಾಗೆ ಅದು ಮುಂದೆ ಬಂತು, ಸದ್ದಿಲ್ಲದೆ, ಅವಸರವಿಲ್ಲದೆ. ಸಾಯಿಪ್ರಿಯಾಳ ತಾಯಿ ಕೈ ಮುಗಿದು ನಿಂತಿದ್ದರು. ಕಂಬಕ್ಕೆ ಅಂಟಿದ್ದ ಬಾವುಟ ಒಮ್ಮೆ ಮಗ್ಗುಲು ಬದಲಿಸಿತು, ಪಟಪಟ ಎಂದು ಬಿಚ್ಚಿಕೊಂಡಿತು. ಮರುಕ್ಷಣ ಗಾಳಿ ಅಶೋಕನ ಮುಖದ ಮೇಲಿತ್ತು, ತಣ್ಣಗೆ, ಸ್ವಲ್ಪ ಉಪ್ಪುಪ್ಪಾಗಿ. ಗುಡಿವಾಡದ ಮದುವೆ ಮನೆಯನ್ನೂ ಗನ್ನವರಂನ ತೆಂಗಿನ ಮರಗಳನ್ನೂ ಮುಟ್ಟಿ ಬಂದದ್ದು. ಈಜು ಬಾರದ ಆ ಮನುಷ್ಯ ಕಣ್ಣು ಮುಚ್ಚಿ ಅದರೊಳಗೆ ನಿಂತ.

“ಒಂಬತ್ತು ನಾಟ್!” ಎಂದು ಯಾರೋ ಕೂಗಿದರು. ಐದೂ ಹನ್ನೆರಡಕ್ಕೆ ಜಗದೀಶ್ ಹಾರ್ನ್ ಒತ್ತಿದರು.

ಸಾಯಿಪ್ರಿಯಾ ಈಚೆ ದಡ ಹಿಡಿದು ಬಾಣದಂತೆ ಹೊರಟಳು. ಜಾಹ್ನವಿ ಪಟ ತಿರುಗಿಸಿ ನದಿಗೆ ಅಡ್ಡಲಾಗಿ ಆಚೆ ದಡಕ್ಕೆ ಹೋದಳು. ನೋಡುವವರಿಗೆ ದಾರಿ ತಪ್ಪಿದವಳಂತೆ. ಗುಡ್ಡದ ಬುಡದಲ್ಲಿ ಸಾಯಿಪ್ರಿಯಾಳ ಪಟ ಒಮ್ಮೆ ಬಡಿದುಕೊಂಡಿತು, ಎರಡು ಸಲ ಬಡಿದುಕೊಂಡಿತು. ಆಚೆ ಜಾಹ್ನವಿಯ ಪಟ ತುಂಬಿ ಬಿಗಿಯಾಯಿತು. ಹಲಗೆ ನೀರನ್ನು ಬಿಟ್ಟು ಮೇಲೆದ್ದಂತೆ ಓಡಿತು. ಮೊದಲ ಸುತ್ತಿಗೆ ಇಬ್ಬರೂ ಸಮ. ಎರಡನೆಯ ಸುತ್ತಿಗೆ ಸಾಯಿಪ್ರಿಯಾ ಕೂಡ ಆಚೆ ದಡಕ್ಕೆ ಹೋದಳು, ಆದರೆ ತಡವಾಗಿತ್ತು. ಕೊನೆಯ ಗೆರೆ ದಾಟಿದಾಗ ಅವರ ನಡುವೆ ಒಂದು ಹಲಗೆಯಷ್ಟೂ ಜಾಗವಿರಲಿಲ್ಲ, ಇದ್ದಷ್ಟೂ ಜಾಹ್ನವಿಯದ್ದು.

ಜಗದೀಶ್ ಹೆಸರು ಬರೆದು ಸಹಿ ಹಾಕಿ ಹೊರಡುವ ಮುಂಚೆ ಅಶೋಕನ ಹೆಗಲ ಮೇಲೆ ಕೈಯಿಟ್ಟರು. “ಆ ಮಚಲೀಪಟ್ನಂ ಅಮ್ಮನಿಗೆ ಹೇಳಿ, ಅವರ ಗಾಳಿ ಬಂದು ಮುಟ್ಟಿತು ಅಂತ.”

ಜಾಹ್ನವಿ ಮೆಟ್ಟಿಲು ಹತ್ತಿ ಬಂದು, ನೀರು ಸುರಿಸುತ್ತಲೇ ಅಪ್ಪನ ಪಕ್ಕ ದೊಪ್ಪನೆ ಕೂತಳು. ಗಾಳಿ ಅವರಿಬ್ಬರನ್ನೂ ದಾಟಿಕೊಂಡು ಪಡುವಣಕ್ಕೆ ಹೋಗುತ್ತಲೇ ಇತ್ತು. ತಿಮ್ಮಯ್ಯ ಆ ಕಡೆಗೇ ಮುಖ ಮಾಡಿ ಕೂತಿದ್ದರು.

“ನಾನ್ನಾ, ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ?”

“ಗೊತ್ತಿಲ್ಲ ಪುಟ್ಟಿ. ಆ ಕಡೆ ನಮ್ಮ ಬ್ರಾಂಚಿಲ್ಲ.”

ಮೂವರೂ ನೋಡುತ್ತಿದ್ದ ಹಾಗೆ, ನದಿಯ ಮೇಲ್ಗಡೆ, ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಚಿಮಣಿಯಿಂದ ನೆಟ್ಟಗೆ ಏರುತ್ತಿದ್ದ ಹೊಗೆ ಬುಡದಲ್ಲಿ ಒಮ್ಮೆ ಅಲುಗಿತು. ಆಮೇಲೆ ಮೆಲ್ಲಗೆ, ಇಡೀ ಕಂಬವೇ ಪಡುವಣಕ್ಕೆ ಬಾಗಿತು.